ಎದ್ದ ಕೂಡಲೆ ಯಾರ ಮುಖ ನೋಡಿದ್ರಿ?

ಇಂದು ಬೆಳಿಗ್ಗೆ ಎದ್ದ ಕೂಡಲೆ ನೀವು ಯಾರ ಮುಖ ನೋಡಿದ್ರಿ? ಹಾಲು ಉಕ್ಕಿದರೆ, ರೊಟ್ಟಿ ಹರಿದರೆ, ಬಸ್ಸು ತಪ್ಪಿದರೆ ನಮ್ಮ ಕಡೆ ಮೊದಲು ಬರುವ ಮಾತು ಇದೇ. ನನ್ನನ್ನು ಯಾರಾದರೂ ಹೀಗೆ ಕೇಳಿದರೆ, ಚಳಿಗಾಲದ ದಿನಗಳಲ್ಲಿ ಮಾತ್ರ, ನನ್ನ ಹತ್ತಿರ ನಿಖರವಾದ ಉತ್ತರ ಇರುತ್ತದೆ. "ಕಾಜಾಣದ ಮುಖ" ಅಂತಲೋ, "ಪಿಕಳಾರದ ಮುಖ" ಅಂತಲೋ ಹೇಳಿಬಿಡುತ್ತೇನೆ. ಬೇಕಾದರೆ ಅಡುಗೆಮನೆಯ ಕ್ಯಾಲೆಂಡರ್ ತೆಗೆದು ತೋರಿಸುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ, ದೀಪಾವಳಿಯಿಂದ ಯುಗಾದಿಯವರೆಗೆ ಆಯಾ ದಿನ ಮೊದಲು ಕಂಡ ಹಕ್ಕಿಯ ಹೆಸರು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹಾಲಿನವನು ಲೆಕ್ಕ ನೋಡಲು ಬಂದಾಗ, "ಅಕ್ಕಾರ, ಇದೇನ್ರಿ, ಎರಡು ಲೀಟರ್ ಕಾಗಿ?" ಎಂದು ಕೇಳಿ ನಕ್ಕದ್ದೂ ಉಂಟು.

ಇದು ಹುಚ್ಚು ಎಂದು ನಿಮಗನಿಸಬಹುದು. ನಾನೂ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಪಕ್ಷಿಶಾಸ್ತ್ರ ಓದಿದವಳಲ್ಲ. ಈ ಹುಚ್ಚು ನನಗೆ ಹತ್ತಿದ್ದು ನಮ್ಮ ಸಣ್ಣತ್ತಿಯಿಂದ. ಅವರ ವಿಷಯ ನಿಮಗೆ ಹೇಳದೆ ಹಕ್ಕಿಗಳ ವಿಷಯ ಹೇಳುವುದು ನನ್ನಿಂದಾಗದು.

2001ರಲ್ಲಿ ಮದುವೆಯಾಗಿ ನಾನು ಬ್ಯಾಡಗಿಗೆ ಬಂದೆ. ನಮ್ಮೂರು ನಿಮಗೆ ಗೊತ್ತಲ್ಲ, ಮೆಣಸಿನಕಾಯಿ ಊರು. ಸುಕ್ಕುಗಟ್ಟಿದ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಚಳಿಗಾಲ ಬಂತೆಂದರೆ ಊರಿಗೆ ಊರೇ ಕೆಂಪು. ಚೀಲ ತುಂಬಿದ ಗಾಡಿಗಳ ಸಾಲು, ಗಾಳಿಯಲ್ಲಿ ಘಾಟು, ಮನೆ ಮನೆಯ ಪಡಸಾಲೆಯಲ್ಲಿ ಕೂತು ಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳು. ಹೊಸದಾಗಿ ಬಂದ ನಾನು ಮೊದಲ ಚಳಿಗಾಲವೆಲ್ಲ ಸೀನುತ್ತಲೇ ಕಳೆದೆ. ನಮ್ಮನೆಯವರು ಆಗ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮನೆ ಹಳೆಯ ಹೆಂಚಿನದು. ಹಿಂದೆ ಹಿತ್ತಲು, ಅಲ್ಲೊಂದು ಬೇವಿನ ಗಿಡ, ಒಂದು ನುಗ್ಗಿ, ಒಂದು ಪೇರಲ. ಬಚ್ಚಲಿಗೆ ಹತ್ತಿದ ಹಿಂದಿನ ಕೋಣೆಯಲ್ಲಿ ನಮ್ಮ ಮಾವನವರ ತಂಗಿ ಇರುತ್ತಿದ್ದರು. ನಾನು ಅವರನ್ನು ಸಣ್ಣತ್ತಿ ಎಂದು ಕರೆಯುತ್ತಿದ್ದೆ.

ಸಣ್ಣತ್ತಿಯನ್ನು ರಾಣೆಬೆನ್ನೂರಿನ ಆಚೆಗಿನ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಎರಡು ವರ್ಷದಲ್ಲಿ ಗಂಡ ತೀರಿಕೊಂಡರು. ಹತ್ತೊಂಬತ್ತನೆಯ ವಯಸ್ಸಿಗೆ ತವರಿಗೆ ಬಂದವರು ಮತ್ತೆ ಹೋಗಲಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಹಂಡೆಗೆ ಉರಿ ಹಾಕುವುದು, ಅಂಗಳ ಗುಡಿಸುವುದು ಅವರ ಕೆಲಸ. ಮನೆಯವರು ಏಳುವ ಹೊತ್ತಿಗೆ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಗಂಡಸರು ಅಂಗಡಿಗೆ ಹೋದ ಮೇಲೆಯೇ ಹೊರಗೆ ಬರುವುದು. ಹೀಗೇಕೆ ಎಂದು ನಾನು ಕೇಳಲಿಲ್ಲ; ನನ್ನ ತವರಿನಲ್ಲೂ ಇಂಥದ್ದನ್ನು ನೋಡಿದ್ದೆ. ಯಾರೂ ಅವರಿಗೆ ಬೈಯುತ್ತಿರಲಿಲ್ಲ, ಊಟಕ್ಕೆ ಕಡಿಮೆ ಮಾಡುತ್ತಿರಲಿಲ್ಲ. ಬೆಳಿಗ್ಗೆ ಮಾತ್ರ ಅವರ ಮುಖ ಯಾರ ಕಣ್ಣಿಗೂ ಮೊದಲು ಬೀಳಬಾರದು, ಅಷ್ಟೇ. ಅಷ್ಟೇ ಎಂದು ಬರೆದುಬಿಟ್ಟೆ ನೋಡಿ. ಆಗ ನಿಜವಾಗಿಯೂ ನನಗೆ ಅದು ಅಷ್ಟೇ ಅನಿಸಿತ್ತು.

ಆ ವರ್ಷದ ಡಿಸೆಂಬರದಲ್ಲಿ ಒಂದು ದಿನ ನನಗೆ ಬೇಗ ಎಚ್ಚರವಾಗಿ ಹಿತ್ತಲಿಗೆ ಹೋದೆ. ಇನ್ನೂ ಕತ್ತಲೆ. ಸಣ್ಣತ್ತಿ ಹಂಡೆಯ ಮುಂದೆ ಕೂತಿದ್ದವರು ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಸೆರಗನ್ನು ಮುಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

"ಯವ್ವಾ, ಇತ್ತಾಗ ನೋಡಬ್ಯಾಡ. ಅಲ್ಲಿ, ಬೇವಿನ ಗಿಡದ ತುದಿ ನೋಡು. ಕರಿ ಹಕ್ಕಿ ಕುಂತೈತಿ. ಅದನ್ನ ನೋಡು ಮೊದಲ."

ನೋಡಿದೆ. ತುದಿಯ ಒಣ ಟೊಂಗೆಯ ಮೇಲೆ ಉದ್ದನೆಯ ಸೀಳುಬಾಲದ ಕಾಜಾಣ. ಆಕಾಶ ಇನ್ನೂ ಬೂದಿಯ ಬಣ್ಣ. ಅದರ ಮೇಲೆ ಮಸಿಯಿಂದ ಬರೆದಂತಿತ್ತು.

"ನೋಡಿದೆ ಸಣ್ಣತ್ತಿ."

"ಹಾಂ, ಚಲೋ ಆತು. ಇನ್ನ ಬಾ, ನೀರು ಕಾದಾವು."

ಮರುದಿನವೂ ನಾನು ಬೇಗ ಎದ್ದೆ. ಅದರ ಮರುದಿನವೂ. ಬರಬರುತ್ತ ಅದು ನಮ್ಮಿಬ್ಬರ ಆಟವಾಯಿತು. ನಾನು ಹಿತ್ತಲ ಬಾಗಿಲು ತೆಗೆಯುವುದು, ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಕಿವಿಯಿಂದಲೇ ಹಕ್ಕಿ ಎಲ್ಲಿದೆ ಎಂದು ಹೇಳುವುದು, ನಾನು ಹುಡುಕುವುದು. ಹಕ್ಕಿ ಕಂಡ ಮೇಲೆ ಅವರು ಇತ್ತ ತಿರುಗುತ್ತಿದ್ದರು.

ಸೋದರಿಯರೇ, ಚಳಿಗಾಲದ ಬೆಳಗಿಗೆ ಒಂದು ಕ್ರಮವಿದೆ. ಡಿಸೆಂಬರದ ಕೊನೆಗೆ ನಮ್ಮಲ್ಲಿ ಸೂರ್ಯ ಮೂಡುವುದು ಏಳರ ಹತ್ತಿರ. ಅದಕ್ಕಿಂತ ಎಷ್ಟೋ ಮೊದಲು, ಕಣ್ಣಿಗೆ ಕೈಬೆರಳು ಕಾಣದ ಹೊತ್ತಿನಲ್ಲೇ ಕಾಜಾಣ ಒಂದೆರಡು ಮಾತು ಆಡುತ್ತದೆ. ಬೆಳಿಗ್ಗೆ ಮೊದಲು ಏಳುವುದು, ಸಂಜೆ ಕೊನೆಗೆ ಮಲಗುವುದು ಅದೇ. ಸಣ್ಣತ್ತಿ ಅದಕ್ಕೆ "ಮನಿ ಹಿರೇಸೊಸಿ" ಎನ್ನುತ್ತಿದ್ದರು! ಆಮೇಲೆ ದೂರದ ಪೊದೆಯಿಂದ ಕೆಂಬೂತದ "ಊಪ್ ಊಪ್" ಎಂಬ ಗಂಭೀರ ಧ್ವನಿ, ಕೊಡದಲ್ಲಿ ಬಾಯಿಟ್ಟು ಕೂಗಿದಂತೆ. ನಂತರ ಕಾಗೆ. ಕಾಗೆಯ ಹಿಂದೆ ಪಿಕಳಾರ, ತಲೆಯ ಮೇಲೆ ಕರಿ ಜುಟ್ಟು, ಬಾಲದ ಬುಡಕ್ಕೆ ಕುಂಕುಮ ಹಚ್ಚಿದಂತೆ ಕೆಂಪು. ಹರಟೆಮಲ್ಲಗಳು ಬಂದವೆಂದರೆ ಬೆಳಕು ಪೂರ್ತಿ ಹರಿದಿದೆ ಎಂದೇ ಲೆಕ್ಕ. ಏಳೆಂಟು ಸೇರಿ ನಳದ ಮುಂದಿನ ನಮ್ಮ ಹಾಗೆ ಜಗಳಾಡುತ್ತವೆ. ಮಡಿವಾಳ ಹಕ್ಕಿ ಚಳಿಯಲ್ಲಿ ಹೆಚ್ಚು ಹಾಡುವುದಿಲ್ಲ. ಶಿವರಾತ್ರಿ ಸಮೀಪಿಸಿದಂತೆ ಅದರ ಗಂಟಲು ಬಿಡುತ್ತದೆ. ಆಗ ಕೇಳಬೇಕು ಅದರ ಸಿಳ್ಳು!

ಇವೆಲ್ಲ ನಮ್ಮೂರಿನ ಹಕ್ಕಿಗಳಾದವು. ಸಣ್ಣತ್ತಿಗೆ ಎಲ್ಲಕ್ಕಿಂತ ಮೆಚ್ಚಿನದು ಬೇರೊಂದಿತ್ತು. ಗುಬ್ಬಿಯಷ್ಟೇ ದೊಡ್ಡದು, ಗಂಡಿನ ಮೈ ಮೇಲೆಲ್ಲ ಕಪ್ಪು, ಹೊಟ್ಟೆ ಇಟ್ಟಂಗಿ ಬಣ್ಣ. ಹೆಣ್ಣು ಮಣ್ಣಿನ ಬಣ್ಣದ್ದು. ಎರಡಕ್ಕೂ ಕೆಂಪನೆಯ ಬಾಲ. ಕೂತಲ್ಲೇ ಅದನ್ನು ಥರಥರ ನಡುಗಿಸುತ್ತ, ಪದೇ ಪದೇ ತಲೆ ಬಾಗಿಸುತ್ತ ಇರುತ್ತದೆ. "ಬಾಲ ಕುಣಿಸೋದು" ಎಂಬುದೇ ಸಣ್ಣತ್ತಿ ಅದಕ್ಕಿಟ್ಟ ಹೆಸರು. ಇಂಗ್ಲಿಷಿನಲ್ಲಿ ಬ್ಲಾಕ್ ರೆಡ್‌ಸ್ಟಾರ್ಟ್ ಎನ್ನುತ್ತಾರೆಂದು ಮಗಳು ಆಮೇಲೆ ಹೇಳಿದಳು. ಬೇಸಿಗೆಯಲ್ಲಿ ಹಿಮಾಲಯದ ಎತ್ತರದಲ್ಲಿ, ಅದರಾಚೆಯ ಚಳಿ ಪ್ರದೇಶಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿಯಂತೆ ಅದು. ದೀಪಾವಳಿಯ ಆಸುಪಾಸಿಗೆ ಬಚ್ಚಲ ಹಿಂದಿನ ಕಲ್ಲುಗೋಡೆಯ ಮೇಲೆ ಪ್ರತ್ಯಕ್ಷವಾಗುತ್ತದೆ. ನಸುಕಿನಲ್ಲೇ "ಟಿಕ್ ಟಿಕ್" ಎನ್ನುತ್ತ ಇರುವೆ ಹುಳು ಹೆಕ್ಕುತ್ತದೆ. ಯುಗಾದಿಯ ಹೊತ್ತಿಗೆ ಹೊರಟು ಹೋಗುತ್ತದೆ.

"ದೀಪಾವಳಿಗೆ ತವರಿಗೆ ಬಂದ ಮಗಳು ಇದ್ದಂಗ ಐತಿ ನೋಡ್ರಿ ಸಣ್ಣತ್ತಿ" ಎಂದು ನಾನು ಒಮ್ಮೆ ಅಂದೆ. ಅವರು ಸ್ವಲ್ಪ ಹೊತ್ತು ಉರಿ ನೋಡುತ್ತ ಕೂತು, "ಹೌದವಾ. ಆದರ ಅದಕ್ಕ ತಿರುಗಿ ಹೋಗಾಕ ಒಂದ ಮನಿ ಐತಿ" ಎಂದರು. ನಾನು ತುಟಿ ಕಚ್ಚಿಕೊಂಡೆ.

ಗಂಡನ ಮನೆಯ ವಿಷಯ ಅವರು ಹೇಳುತ್ತಿದ್ದುದು ಒಂದೇ. ಅದೂ ಹಕ್ಕಿಯದೇ. ಮದುವೆಯಾಗಿ ಹೋದ ಹೊಸದರಲ್ಲಿ ಗಂಡನ ಜೊತೆ ಹೊಲಕ್ಕೆ ಹೋದಾಗ ಎರೆ ಭೂಮಿಯಲ್ಲಿ ಮನುಷ್ಯರ ಸೊಂಟದವರೆಗೆ ಬರುವಷ್ಟು ದೊಡ್ಡ ಹಕ್ಕಿ ನಡೆದು ಹೋಗುತ್ತಿತ್ತಂತೆ. ಇವರು ಹೆದರಿ ಗಂಡನ ತೋಳು ಹಿಡಿದರಂತೆ. "ಎರಿಭೂತ ಅದು, ಏನೂ ಮಾಡಂಗಿಲ್ಲ" ಎಂದು ಅವರು ನಕ್ಕರಂತೆ. ಅಷ್ಟೇ ಕಥೆ. ಎಷ್ಟು ಸಲ ಹೇಳಿದರೂ "ತೋಳು ಹಿಡಿದೆ" ಎನ್ನುವಾಗ ಸಣ್ಣತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ರಾಣೆಬೆನ್ನೂರಿನ ಬಳಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದಾಗಲೂ ಆ ಬಯಲುಗಳಲ್ಲಿ ಎರೆಭೂತಗಳಿದ್ದವು. ಬಯಲಿನಲ್ಲಿ ನೀಲಗಿರಿ ಗಿಡಗಳು ಎದ್ದವು. ಬಯಲೇ ಬೇಕಾದ ಆ ಹಕ್ಕಿ ಅಲ್ಲಿ ಉಳಿಯಲಿಲ್ಲ. ಇಂದು ದೇಶದಲ್ಲೆಲ್ಲ ಸೇರಿ ಅವು ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡಿವೆ.

ಈಗ ನಾನು ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳಬೇಕು.

2006ರ ಜನವರಿ. ನಮ್ಮನೆಯವರು ಗುಮಾಸ್ತಿಕೆ ಬಿಟ್ಟು, ಗೆಳೆಯರೊಬ್ಬರ ಜೊತೆ ಪಾಲಿನಲ್ಲಿ ಸಣ್ಣದೊಂದು ಅಂಗಡಿ ಹಾಕುವವರಿದ್ದರು. ನನ್ನ ಬಂಗಾರದ ಪಾಟಲಿಗಳೂ ಅದರಲ್ಲಿ ಸೇರಿದ್ದವು. ಪೂಜೆಯ ದಿನ ಬೆಳಿಗ್ಗೆ ಐದಕ್ಕೇ ಎಲ್ಲರೂ ಎದ್ದಿದ್ದೆವು. ನನ್ನ ಎದೆ ಡವಡವ ಅನ್ನುತ್ತಿತ್ತು. ಹಿತ್ತಲ ಬಾಗಿಲ ಹತ್ತಿರ ಸಣ್ಣತ್ತಿ ನೀರು ತೋಡುತ್ತಿದ್ದರು. ನಮ್ಮತ್ತೆ ಏನೂ ಅನ್ನಲಿಲ್ಲ, ಮಾವನೂ ಅನ್ನಲಿಲ್ಲ. ನಾನೇ, ಐದು ವರ್ಷ ಅವರ ಜೊತೆ ಹಕ್ಕಿ ಹುಡುಕಿದ ನಾನೇ ಹೋಗಿ ಹೇಳಿದೆ:

"ಸಣ್ಣತ್ತಿ, ಇವರು ಹೊಂಡೋತನಕ ಸ್ವಲ್ಪ ಒಳಗ ಇರ್ರಿ."

"ಹೂನವಾ, ಮರತಿದ್ದೆ" ಎಂದು ಕೊಡ ಅಲ್ಲೇ ಇಟ್ಟು ಒಳಗೆ ಹೋದರು. ಅವತ್ತು ಬಾಗಿಲು ಮುಂದೆ ಮಾಡಿಕೊಳ್ಳಲಿಲ್ಲ. ಚಿಲಕ ಹಾಕಿಕೊಂಡ ಸಪ್ಪಳ ಕೇಳಿಸಿತು.

ಮರುದಿನ ಹಿತ್ತಲಿಗೆ ಹೋದಾಗ ಹಂಡೆಯ ನೀರು ಕಾದಿತ್ತು, ಅಂಗಳ ಗುಡಿಸಿತ್ತು, ಅವರಿರಲಿಲ್ಲ. ನಾನು ಏಳುವುದಕ್ಕೆ ಮೊದಲೇ ಕೆಲಸ ಮುಗಿಸಿ ಒಳಗೆ ಸೇರಿದ್ದರು. ಆ ಚಳಿಗಾಲವೆಲ್ಲ ಹಾಗೇ ಆಯಿತು. ಹಗಲಲ್ಲಿ ಎಂದಿನಂತೆ ಮಾತು, ಎಂದಿನಂತೆ ನಗು. ಹಕ್ಕಿಯ ಮಾತು ಮಾತ್ರ ಇಲ್ಲ. ಒಬ್ಬಳೇ ನಿಂತು ಬೇವಿನ ಗಿಡ ನೋಡುವಾಗ ನನಗೆ ಹೊಳೆಯಿತು: ಆ ಮೊದಲ ದಿನ "ಅಲ್ಲಿ ನೋಡು" ಎಂದು ಅವರು ಗಿಡದ ತುದಿ ತೋರಿಸಿದ್ದು ಆಟಕ್ಕಲ್ಲ. ನನ್ನ ಕಣ್ಣಿಗೆ ಮೊದಲು ಬೀಳುವ ಮುಖ ತಮ್ಮದಾಗದಿರಲಿ ಎಂದು ತಮ್ಮ ಮುಖಕ್ಕೆ ಬದಲಾಗಿ ಒಂದು ಹಕ್ಕಿಯನ್ನು ನನಗೆ ಕೊಟ್ಟಿದ್ದರು. ಅಷ್ಟು ವರ್ಷ ಮನೆಯವರಿಂದ ಮುಖ ಮರೆಸಿಕೊಂಡು ಬದುಕಿದವರು, ಹಕ್ಕಿ ಕಂಡ ಮೇಲೆ ನನ್ನ ಕಡೆಗೆ ತಿರುಗುವಷ್ಟು ನನ್ನನ್ನು ನಂಬಿದ್ದರು. ಆ ನಂಬಿಕೆಗೆ ನಾನು ಚಿಲಕ ಹಾಕಿಸಿದ್ದೆ.

ಅಂಗಡಿಯ ಕಥೆ ಕೇಳುತ್ತೀರಾ? ಎರಡು ವರ್ಷದಲ್ಲಿ ಮುಚ್ಚಿತು. ಸಾಲಕ್ಕೆ ಮಾಲು ಕೊಟ್ಟದ್ದು ವಸೂಲಾಗಲಿಲ್ಲ. ಪಾಟಲಿ ಹೋದವು. ನಮ್ಮತ್ತೆ ಒಂದು ರಾತ್ರಿ ಊಟಕ್ಕೆ ಕೂತಾಗ, "ಅವತ್ತ ಪೂಜಿ ದಿನ ಎದ್ದು ಯಾರ ಮುಖ ನೋಡಿದ್ರೋ ಏನೋ" ಎಂದು ನಿಟ್ಟುಸಿರಿಟ್ಟರು. ಸಣ್ಣತ್ತಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ನನಗೆ ಆ ದಿನ ಚೆನ್ನಾಗಿ ನೆನಪಿತ್ತು. ಕುಂಕುಮ ಇಟ್ಟುಕೊಳ್ಳಲು ಎದ್ದ ಕೂಡಲೆ ಕನ್ನಡಿ ಹಿಡಿದಿದ್ದೆ.

"ನಾ ನೋಡಿದ್ದು ನನ್ನ ಮುಖಾನ ರೀ ಅತ್ತಿ" ಎಂದೆ. "ಇವರು ನೋಡಿದ್ದೂ ನನ್ನ ಮುಖಾನ."

ಯಾರೂ ಮಾತಾಡಲಿಲ್ಲ. ನಮ್ಮನೆಯವರು ಮಜ್ಜಿಗೆ ಕೇಳಿದರು. ಸಣ್ಣತ್ತಿ ಎದ್ದು ತಂದು ಬಡಿಸಿದರು.

ಮರುದಿನ ನಾನು ಮೂರೂವರೆಗೇ ಎದ್ದು, ಅವರಿಗಿಂತ ಮೊದಲೇ ಹಂಡೆಗೆ ಉರಿ ಹಾಕಿ ಕೂತೆ. ಅವರು ಬಾಗಿಲು ತೆಗೆದವರು ನನ್ನನ್ನು ನೋಡಿ ಅಲ್ಲೇ ನಿಂತರು. ಗೋಡೆಯ ಕಡೆ ತಿರುಗಲು ಹೊರಟಾಗ, "ಇತ್ತಾಗ ನೋಡ್ರಿ ಸಣ್ಣತ್ತಿ, ನನ್ನ ತಪ್ಪಾತು" ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, "ಉರಿ ಇಷ್ಟ್ಯಾಕ ಹಾಕೀಯವಾ, ಕಟಗಿ ಪುಗಸಟ್ಟೆ ಬರ್ತಾವೇನು?" ಎಂದು ಎರಡು ಕಟ್ಟಿಗೆ ಹಿಂದಕ್ಕೆ ಎಳೆದರು. ಕ್ಷಮಿಸಿದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಕಿವಿ ಅತ್ತ ಮಾಡಿ, "ಬಂತು ನೋಡು ಹಿರೇಸೊಸಿ" ಎಂದರು.

ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಶುರು ಮಾಡಿದ್ದು ಮಗಳು. 2014ರಲ್ಲಿ ಅವಳಿಗೆ ಹನ್ನೊಂದು ವರ್ಷ. ಶಾಲೆಯ ಗ್ರಂಥಾಲಯದಿಂದ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ' ತಂದು ಆಯಿಯ ಮುಂದೆ ಹರವಿಕೊಂಡು ಕೂರುತ್ತಿದ್ದಳು. ಆಯಿಗೆ ಅಕ್ಷರ ಬಾರದು, ಅವಳಿಗೆ ಕೂಗು ಗೊತ್ತಿಲ್ಲ. ಇಬ್ಬರೂ ಸೇರಿ ಒಂದು ಪೂರ್ತಿ ಪಂಡಿತರಾದರು! ಒಮ್ಮೆ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯನ್ನು ಪಿಕಳಾರ ಕುಕ್ಕುತ್ತಿದ್ದುದನ್ನು ನೋಡಿ, "ಇದಕ್ಕ ಬಾಯಿ ಉರಿಯಂಗಿಲ್ಲೇನು?" ಎಂದು ಸಣ್ಣತ್ತಿ ಕೇಳಿದರು. ಮಗಳು ಯಾರನ್ನೋ ಕೇಳಿಕೊಂಡು ಬಂದು ಹೇಳಿದಳು: ಖಾರದ ಉರಿ ನಮ್ಮಂಥ ಹಾಲು ಕುಡಿದು ಬೆಳೆವ ಪ್ರಾಣಿಗಳಿಗೆ ಮಾತ್ರ, ಹಕ್ಕಿಗಳಿಗೆ ಅದು ತಗಲುವುದೇ ಇಲ್ಲ, ಅವು ಕಾಯಿ ತಿಂದು ಬೀಜ ದೂರ ದೂರ ಹಾಕುವುದರಿಂದ ಗಿಡಕ್ಕೂ ಅನುಕೂಲ. ಸಣ್ಣತ್ತಿ ಬಹಳ ಹೊತ್ತು ನಕ್ಕರು. "ಬ್ಯಾಡಗ್ಯಾಗ ಹುಟ್ಟಿದರ ಹಕ್ಕಿಯಾಗಿ ಹುಟ್ಟಬೇಕು ನೋಡವಾ!"

2021ರ ಕೊನೆಗೆ ಮಗಳು ಧಾರವಾಡದ ಕಾಲೇಜಿಗೆ ಹೊರಟಳು. ಬೆಳಗಿನ ಬಸ್ಸು. ಅತ್ತೆ ಮಾವ ಆಗ ಇರಲಿಲ್ಲ. ಆದರೂ ಸಣ್ಣತ್ತಿ ಅಭ್ಯಾಸದಂತೆ ತಮ್ಮ ಕೋಣೆಯೊಳಗೇ ಇದ್ದರು. ಮಗಳು ಚೀಲ ಹೆಗಲಿಗೆ ಹಾಕಿಕೊಂಡು ನೇರ ಹಿಂದಕ್ಕೆ ನಡೆದಳು.

"ಆಯೀ, ಹೊರಗ ಬಾ. ನಿನ್ನ ಮುಖ ನೋಡೇ ಹೋಗಾಕಿ ನಾನು."

"ಹುಚ್ಚವ್ವಾ, ಹೊಂಡೋ ಹೊತ್ತಿನ್ಯಾಗ ಅಲ್ಲ ಅದು. ಹೋಗು."

"ಬಸ್ಸು ತಪ್ಪತೈತಿ ನೋಡು, ಆಮ್ಯಾಲ ಅದಕ್ಕೂ ನಿನ್ನ ಮುಖಾನ ಕಾರಣ ಅಂತೇನಿ!"

ಸಣ್ಣತ್ತಿ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದರು. ಎಪ್ಪತ್ತೆಂಟು ವರ್ಷದ ಮುದುಕಿ ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿದ್ದರು. ಮಗಳು ಗದ್ದ ಹಿಡಿದು ಮುಖ ಎತ್ತಿ ನೋಡಿ, ಕಾಲಿಗೆರಗಿ ಹೋದಳು. ಬಸ್ಸು ಸಿಕ್ಕಿತು. ಓದೂ ಮುಗಿಯಿತು. ಇದನ್ನು ಶುಭಶಕುನ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮತ್ತೆ ಅದೇ ಗೋಡೆಯ ಇನ್ನೊಂದು ಮಗ್ಗುಲಿಗೆ ಹೋದಂತೆ. ಅವಳು ಓದಿದಳು, ಪಾಸಾದಳು, ಅಷ್ಟೇ.

ಮುಂದಿನ ಫೆಬ್ರವರಿಯಲ್ಲಿ ಸಣ್ಣತ್ತಿ ಹಾಸಿಗೆ ಹಿಡಿದರು. ಒಂದು ನಸುಕಿನಲ್ಲಿ ನನ್ನನ್ನು ಕರೆದು, "ಇವತ್ತ ಯಾವುದು ಬಂತವಾ?" ಎಂದರು. ರಾತ್ರಿಯೆಲ್ಲ ಅವರ ಪಕ್ಕದಲ್ಲೇ ಕೂತಿದ್ದ ನಾನು ಹಿತ್ತಲ ಬಾಗಿಲನ್ನೇ ತೆಗೆದಿರಲಿಲ್ಲ. ಅವರ ಸಮಾಧಾನಕ್ಕೆಂದು, "ಬಾಲ ಕುಣಿಸೋದು ಬಂದೈತ್ರಿ" ಎಂದೆ.

"ಸುಳ್ಳು" ಎಂದರು, ಕಣ್ಣು ಮುಚ್ಚಿಕೊಂಡೇ. "ಇನ್ನೂ ಸಪ್ಪಳಾನ ಆಗಿಲ್ಲ."

ಅದಾಗಿ ಎರಡು ದಿನಕ್ಕೆ ಹೋದರು. ಆ ವರ್ಷವೂ ಹಕ್ಕಿ ಯುಗಾದಿಯವರೆಗೆ ಇದ್ದು ಹೋಯಿತು.

ಆ ಸುಳ್ಳಿನ ನಂತರ ನಾನು ಕ್ಯಾಲೆಂಡರಿನಲ್ಲಿ ಕಾಣದ್ದನ್ನು ಬರೆದಿಲ್ಲ. ಏನೂ ಕಾಣದ ಮಂಜಿನ ದಿನ ಗೆರೆ ಎಳೆದು ಬಿಡುತ್ತೇನೆ. ಮಗಳು ದಿನಾ ಫೋನಿನಲ್ಲಿ ಕೇಳುವ ಮೊದಲ ಮಾತು ಊಟವಲ್ಲ, "ಅವ್ವಾ, ಇವತ್ತು ಯಾವುದು?" ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದ ಎಲ್ಲೆಡೆ ಜನ ತಮ್ಮ ತಮ್ಮ ಮನೆಯಂಗಳದ ಹಕ್ಕಿಗಳನ್ನು ಎಣಿಸಿ ಕಳಿಸುವ ಪದ್ಧತಿ 2013ರಿಂದ ನಮ್ಮಲ್ಲೂ ಇದೆಯಂತೆ. ನಮ್ಮ ಹಿತ್ತಲಿನ ಲೆಕ್ಕವನ್ನೂ ಅವಳು ಕಳಿಸುತ್ತಾಳೆ.

ನಿಮಗೂ ಮನಸ್ಸಾದರೆ ಇದಕ್ಕೆ ಖರ್ಚೇನಿಲ್ಲ. ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಚಹಾ ಲೋಟ ಹಿಡಿದು ಐದು ನಿಮಿಷ ನಿಲ್ಲಿ. ಮಾಳಿಗೆಯೋ ಅಡುಗೆಮನೆಯ ಕಿಟಕಿಯೋ ಸಾಕು. ಮೊದಲು ಕಿವಿಯಿಂದ ಹುಡುಕಿ, ಆಮೇಲೆ ಕಣ್ಣಿನಿಂದ. ಅಗಲವಾದ ಮಣ್ಣಿನ ಪರಿಯಾಣದಲ್ಲಿ ಎರಡು ಬೆರಳು ಆಳ ನೀರಿಡಿ. ದಿನಾ ತೊಳೆದು ಬದಲಿಸಿ. ಉಪ್ಪು ಎಣ್ಣೆ ಹಾಕಿದ ಉಳಿಕೆ ಹಾಕಬೇಡಿ. ಹೆಸರು ಗೊತ್ತಿಲ್ಲದಿದ್ದರೆ ನಮ್ಮ ಸಣ್ಣತ್ತಿಯ ಹಾಗೆ ನೀವೇ ಒಂದು ಇಡಿ. ತಾರೀಖು ಮಾತ್ರ ತಪ್ಪದೆ ಬರೆಯಿರಿ.

ಇನ್ನೊಂದು ಮಾತು. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ನೀವೆಲ್ಲ ಹೋಗುವುದನ್ನೇ ಕಾಯುತ್ತ ಕೂತ ಹಿರಿಯರು ಯಾರಾದರೂ ಇದ್ದರೆ, ನಾಳೆ ಬೆಳಿಗ್ಗೆ ಮೊದಲು ಆ ಬಾಗಿಲು ತಟ್ಟಿರಿ. ಹಕ್ಕಿ ಆಮೇಲೆ ನೋಡಿದರಾಯಿತು. ಅದು ಎಲ್ಲಿ ಕೂತಿದೆ ಎಂದು ಅವರೇ ನಿಮಗೆ ತೋರಿಸಿಯಾರು.